ಸೋನಕೇರಿಯನ್ನು ತೋರಿಸಿದ ಕಾರ್ಡು

ಮೇಲ್ಪೇಟೆ, ಘಟ್ಟದ ಮೇಲೆ
ಫೆಬ್ರವರಿ ೩೦, ೨೧೧೦

ಪ್ರಮೀಳಾ ಟೀಚರ್ ಅವರಿಗೆ ನೀಲಾವತಿ ಹರಿಕಂತ್ರಳ ನಮಸ್ಕಾರ.

ಮೇಲಿನ ತಾರೀಖು ನೋಡಿ ಯಾರೋ ತಮಾಷೆ ಮಾಡುತ್ತಿದ್ದಾರೆ ಎಂದುಕೊಳ್ಳಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದಾರು ದಿನಗಳನ್ನು ವರ್ಷದ ಕೊನೆಗೆ ಒಟ್ಟುಮಾಡಿ 'ಬಿಡಿದಿನ' ಎನ್ನುತ್ತೇವೆ. ನನ್ನ ಮಾತೂ ನಿಮಗೆ ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸೀತು, ಮನ್ನಿಸಿ. ನಿಮ್ಮ ಕಂಪ್ಯೂಟರಿನಲ್ಲಿದ್ದ ಟಿಪ್ಪಣಿಗಳನ್ನು ಓದಿ ಓದಿ ನಿಮ್ಮ ಕಾಲದ ಕನ್ನಡವನ್ನು ಇಷ್ಟರಮಟ್ಟಿಗೆ ಕಲಿತಿದ್ದೇನೆ.

ಆ ಟಿಪ್ಪಣಿಗಳಲ್ಲಿ ಕೊನೆಯದು ೨೦೨೬ರ ಮಾರ್ಚ್ ತಿಂಗಳದ್ದು. "ಹಳೇ ಡೆಸ್ಕ್‌ಟಾಪ್. ಪವರ್ ಸಪ್ಲೈ ೨೪೦ ವ್ಯಾಟ್. ಎಂಟು ಸಾವಿರದೊಳಗೆ ಗ್ರಾಫಿಕ್ಸ್ ಕಾರ್ಡ್ ಬೇಕು. ಸೆಕೆಂಡ್ ಹ್ಯಾಂಡ್ ದೊಡ್ಡದೋ, ಹೊಸ ಚಿಕ್ಕದೋ? ಕೇರಿ ತೆರೆದುಕೊಂಡರೆ ಸಾಕು. ಯಾರನ್ನು ಕೇಳಲಿ?" ಎಂದು ಬರೆದಿದ್ದೀರಿ. ನಿಮಗೆ ಯಾರೂ ಉತ್ತರ ಕೊಡಲಿಲ್ಲ ಎಂದು ಕಾಣುತ್ತದೆ. ಪೆಟ್ಟಿಗೆ ಬಿಚ್ಚಿದಾಗ ಕಾರ್ಡ್ ಕೂರಿಸುವ ಜಾಗ ಖಾಲಿಯಿತ್ತು, ಹಿಂದಿನ ತಗಡಿನ ಮುಚ್ಚಳವನ್ನೂ ತೆಗೆದಿರಲಿಲ್ಲ. ಎಂಬತ್ತನಾಲ್ಕು ವರ್ಷ ತಡವಾಗಿ ನಾನು ಉತ್ತರ ಬರೆಯುತ್ತಿದ್ದೇನೆ.

ನನ್ನ ಕಸುಬಿಗೆ ಉಪ್ಪುಬಿಡಿಕೆ ಎನ್ನುತ್ತಾರೆ. ಕರಾವಳಿಯಿಂದ ಮೇಲೆ ತಂದ ಹಳೆಯ ಯಂತ್ರಗಳ ಉಪ್ಪು ಕೆರೆದು, ಸತ್ತ ಬಿಡಿಭಾಗ ಬದಲಿಸಿ, ಮತ್ತೆ ಉಸಿರಾಡಿಸುವ ಕೆಲಸ. ಹೋದ ವರ್ಷ ನಿರಾಶ್ರಿತರ ಶಿಬಿರದ ಹಳೆಯ ಗೋದಾಮು ಕೆಡವಿದಾಗ ನಿಮ್ಮ ಪೆಟ್ಟಿಗೆ ನನ್ನ ಪಾಲಿಗೆ ಬಂತು. ಬದಿಯಲ್ಲಿ ಕೆಂಪು ಬಣ್ಣದಲ್ಲಿ 'ಪ್ರಮೀಳಾ ನಾಯ್ಕ, ಅಂಗನವಾಡಿ, ಸೋನಕೇರಿ' ಎಂದಿತ್ತು. ನಾನು ಅದನ್ನು ಗಟ್ಟಿಯಾಗಿ ಓದಿದ್ದೇ ತಡ, ಒಳಗೆ ಮಲಗಿದ್ದ ನನ್ನ ಅಜ್ಜಿ ಎದ್ದು ಬಂದರು.

ನಾವು ಅವರನ್ನು ಆಯಿ ಎನ್ನುತ್ತೇವೆ. ನಿಮಗೆ ಅವರು ತುಳಸಾ, ನಿಮ್ಮ ಅಂಗನವಾಡಿಯಲ್ಲಿ ಬಾಗಿಲ ಹತ್ತಿರ ಕೂರುವ ಐದು ವರ್ಷದ ಹುಡುಗಿ. ಈಗ ಅವರಿಗೆ ಎಂಬತ್ತೊಂಬತ್ತು. ಪೆಟ್ಟಿಗೆ ಬಂದಾಗಲೇ ಎರಡು ಕಣ್ಣಿಗೂ ಪೊರೆಯಲ್ಲದ ಏನೋ ಬಂದಿತ್ತು, ಮಳೆಗಾಲದ ಹೊತ್ತಿಗೆ ಪೂರ್ತಿ ಹೋಗುತ್ತದೆ ಎಂದು ವೈದ್ಯರು ಹೇಳಿದ್ದರು.

"ಟೀಚರ್ ಒಂದು ದಿನ ಫೋನ್ ಹಿಡ್ಕಂಡು ಇಡೀ ಕೇರಿ ತಿರುಗಿದ್ರು ಮಗಾ," ಎಂದರು ಆಯಿ. "ಮನೆ ಮನೆ ಫೋಟೋ ತೆಗೆದ್ರು. ಸಾವಿರಗಟ್ಟಲೆ. ಎಲ್ಲಾ ಸೇರಿಸಿ ಒಂದು ಕೇರಿ ಮಾಡ್ತೆ, ಒಳಗೆ ನಡೀಲಿಕ್ಕೆ ಬರ್ತದೆ ಅಂದಿದ್ರು. ನೋಡು, ಉಂಟಾ ಅದರಲ್ಲಿ?" ಪೆಟ್ಟಿಗೆಯ ಮೇಲೆ ಕೈಯಿಟ್ಟು ಕೇಳಿದರು, "ಶಾಂತೇರಿ ಉಂಟಾ?"

ಶಾಂತೇರಿ ಅವರ ತಂಗಿ. ಕಡಲಗೋಡೆ ಒಡೆದು ಕೇರಿ ಮುಳುಗಿದ ದಿನ ಇಬ್ಬರೂ ಕೈಹಿಡಿದು ಓಡಿದರು, ಮೇಲೆ ಬಂದವರು ಒಬ್ಬರೇ. ಆ ಮಗುವಿನ ಒಂದು ಫೋಟೋ ಕೂಡ ಉಳಿದಿಲ್ಲ. ನಮ್ಮ ಮನೆಯಲ್ಲಿ ಯಾರೂ ಆ ಹೆಸರಿಡುವುದಿಲ್ಲ, ಆಯಿಯ ಎದುರು ಯಾರೂ ಯಾರ ಕೈಯನ್ನೂ ಸರಕ್ಕನೆ ಬಿಡಿಸಿಕೊಳ್ಳುವುದಿಲ್ಲ.

ಕೇರಿ ನಿಮ್ಮ ಡಿಸ್ಕಿನಲ್ಲಿ ಇತ್ತು. ಆದರೆ ತೆರೆದರೆ ಪರದೆಯೆಲ್ಲ ಕಪ್ಪು. ಅಂಥ ಚಿತ್ರ ಬಿಡಿಸಲು ಆ ಯಂತ್ರಕ್ಕೆ ಶಕ್ತಿಯಿರಲಿಲ್ಲ. ನೀವೂ ಆ ಕಪ್ಪನ್ನೇ ನೋಡಿದ್ದಿರಬೇಕು.

ಹಳೆಯ ಬಿಡಿಭಾಗಗಳ ಸಂತೆಯಲ್ಲಿ ಬೀಬಿಜಾನ್ ಎಂಬ ವ್ಯಾಪಾರಿಯ ಹತ್ತಿರ ನಿಮ್ಮ ಕಾಲದ ಎರಡು ಕಾರ್ಡುಗಳು ಸಿಕ್ಕವು. ಒಂದು ದೊಡ್ಡದು, ಎರಡು ಫ್ಯಾನಿನದು, ಬೇರೆಯೇ ವಿದ್ಯುತ್ ತಂತಿ ಬೇಡುವಂಥದು. ಇನ್ನೊಂದು ಅಂಗೈಯಗಲದ್ದು, ನಾಲ್ಕು ಜಿಬಿ ನೆನಪಿನದು, ಕೂತ ಜಾಗದಿಂದಲೇ ಶಕ್ತಿ ಹೀರಿಕೊಳ್ಳುವಂಥದು. ನನ್ನ ಕೈ ದೊಡ್ಡದರ ಕಡೆಗೇ ಹೋಯಿತು.

"ಮೊದ್ಲ ನಿನ್ ಪೆಟ್ಟಿಗಿ ಹೊಟ್ಟಿ ಎಷ್ಟೈತಿ ಹೇಳವ್ವಾ," ಎಂದಳು ಬೀಬಿಜಾನ್.

"ಇನ್ನೂರ ನಲವತ್ತು ವ್ಯಾಟ್."

"ಹಂಗಾರ ಸಣ್ಣದ ಒಯ್ಯಿ. ದೊಡ್ಡದು ಕುದುರಿ ಇದ್ದಂಗ. ನಿನ್ ಕೊಟ್ಟಿಗ್ಯಾಗ ನಿಲ್ಲೂದಿಲ್ಲ, ಮೇವೂ ಸಾಲೂದಿಲ್ಲ. ಕೊಟ್ಟಿಗಿ ಮುರಕೊಂಡ್ ಹೊಕ್ಕೈತಿ."

ಚಿಕ್ಕದನ್ನೇ ತಂದೆ. ನಮ್ಮ ಮನೆಗಳಿಗೆ 'ಬಿಸಿಲುಪಾಲು' ಇದೆ, ಮಧ್ಯಾಹ್ನ ಎರಡು ತಾಸು ಮಾತ್ರ ವಿದ್ಯುತ್ತು. ಆ ಹೊತ್ತಿನಲ್ಲಿ ಆಯಿಯನ್ನು ಪರದೆಗೆ ಮೂಗು ತಾಗುವಷ್ಟು ಹತ್ತಿರ ಕೂರಿಸಿ ಕೇರಿ ತೆರೆದೆ. ಒಂದು ಸಲಕ್ಕೆ ಎರಡು ಮನೆಯಷ್ಟೇ ಮೂಡುತ್ತಿತ್ತು. ಮುಂದೆ ಹೋದರೆ ಹಿಂದಿನದು ಅಳಿಸಿಹೋಗುತ್ತಿತ್ತು. ಕಾರ್ಡಿನ ಭಾರ ಇಳಿಸಲು ನೆರಳುಗಳನ್ನು ನಾನೇ ತೆಗೆದುಹಾಕಿದ್ದೆ. ಆದ್ದರಿಂದ ಬಲೆ ಹೊಲಿಯುತ್ತಿದ್ದ ಮುದುಕನಿಗೆ, ಒಣಮೀನಿನ ಬುಟ್ಟಿಯವಳಿಗೆ, ತೆಂಗಿನಮರಕ್ಕೆ, ಯಾವುದಕ್ಕೂ ನೆರಳಿರಲಿಲ್ಲ. ನೀರಿನಡಿಯಲ್ಲಿರುವ ಒಂದು ಊರು ಹಗಲು ಬೆಳಕಿನಲ್ಲಿ, ನೆಲಕ್ಕೆ ತಾಗದೆ ನಿಂತಿತ್ತು. ಆಯಿ ಪ್ರತಿಯೊಬ್ಬರನ್ನೂ ಹೆಸರು ಹಿಡಿದು ಮಾತಾಡಿಸಿದರು.

ಆರನೆಯ ದಿನ ಅವರ ಮನೆ ಬಂತು. ನೀಲಿ ಬಾಗಿಲು, ಮೂರು ಮೆಟ್ಟಿಲು. ಮೇಲಿನ ಮೆಟ್ಟಿಲಲ್ಲಿ ಐದು ವರ್ಷದ ತುಳಸಾ ಅಲುಗಾಡದೆ ನೆಟ್ಟಗೆ ಕೂತಿದ್ದಳು. ಅವಳ ಬಲಗೈ ಪಕ್ಕದಲ್ಲಿದ್ದ ಯಾರನ್ನೋ ಹಿಡಿದಿತ್ತು. ಆ ಯಾರೋ ಇದ್ದ ಕಡೆ ಹಳದಿ ಫ್ರಾಕಿನ ಚೂರುಗಳು, ಎರಡು ಪುಟ್ಟ ಪಾದ, ಮೇಲೆ ಒರೆಸಿಹೋದಂಥ ಒಂದು ಕಂದು ಮಬ್ಬು. ಮುಖವಿರಲಿಲ್ಲ.

"ಅವಳೇ," ಎಂದರು ಆಯಿ. "ನಿಂತಲ್ಲಿ ನಿಲ್ಲುವವಳೇ ಅಲ್ಲ."

ನನ್ನನ್ನು ಅಂದಿನಿಂದ ಒಂದೇ ಸಂಶಯ ಕಾಡತೊಡಗಿತು. ಮಗು ಅಲುಗಾಡಿದ್ದರಿಂದ ಮುಖ ನಿಮ್ಮ ಫೋಟೋಗಳಲ್ಲೇ ಮೂಡಲಿಲ್ಲವೋ, ಅಥವಾ ಮುಖ ಡಿಸ್ಕಿನಲ್ಲಿದ್ದು ಅದನ್ನು ತೋರಿಸುವಷ್ಟು ಜಾಗ ಈ ಚಿಕ್ಕ ಕಾರ್ಡಿಗಿಲ್ಲವೋ? ದೊಡ್ಡದನ್ನು ತರುತ್ತೇನೆ ಎಂದೆ.

"ಬೇಡ," ಎಂದರು ಆಯಿ. "ನನ್ನ ಕಣ್ಣೊಳಗೆ ಒಂದು ಮುಖ ಉಂಟು. ಎಂಬತ್ತು ವರ್ಷ ಕಾದು ಇಟ್ಕಂಡಿದ್ದೆ. ನಿನ್ನ ಯಂತ್ರ ಬೇರೆ ಎಂತಾದ್ರೂ ತೋರಿಸಿದ್ರೆ ಇದು ಹೋಗ್ತದೆ. ಹೀಗೇ ಇರ್ಲಿ. ದಿನಾ ಮೆಟ್ಟಿಲ ಹತ್ರ ಕರ್ಕಂಡು ಹೋಗು, ಸಾಕು."

ನಾನು ಕೇಳಲಿಲ್ಲ. ದೊಡ್ಡ ಕಾರ್ಡು ತಂದು, ಒಂದು ದಿನ ಬಿಸಿಲುಪಾಲು ಮುಗಿಯುವ ಮೊದಲೇ ಆಯಿ ಊಟ ಮಾಡಿ ಮಲಗಿದ್ದಾಗ ಕೂರಿಸಿದೆ. ಪೆಟ್ಟಿಗೆಯಲ್ಲಿ ಹಿಡಿಸಲಿಲ್ಲ, ಮುಚ್ಚಳ ತೆಗೆದಿಟ್ಟೆ. ಬೇರೆ ವಿದ್ಯುತ್ ತಂತಿ ಇರಲಿಲ್ಲ, ಡಿಸ್ಕಿಗೆ ಹೋಗುವ ತಂತಿಯಿಂದಲೇ ಕವಲು ತೆಗೆದು ಕೊಟ್ಟೆ. ಇಪ್ಪತ್ತು ವರ್ಷ ಈ ಕಸುಬು ಮಾಡಿದವಳು, ಅದು ತಪ್ಪೆಂದು ನನಗೆ ಗೊತ್ತಿತ್ತು. ನಕಲು ಏಕೆ ತೆಗೆಯಲಿಲ್ಲ ಎಂದು ಕೇಳುತ್ತೀರಿ. ಅಂಥ ಡಿಸ್ಕಿನಿಂದ ನಕಲು ತೆಗೆಯುವ ಗಾಡಿ ತಿಂಗಳಿಗೊಮ್ಮೆ ನಮ್ಮೂರಿಗೆ ಬರುತ್ತದೆ. ಹನ್ನೊಂದು ದಿನ ಕಾಯಬೇಕಿತ್ತು.

ಕೇರಿ ಒಮ್ಮೆಗೇ ಪೂರ್ತಿ ತೆರೆಯಿತು ಟೀಚರ್. ಕಡಲವರೆಗೂ. ನೆರಳು ಸಮೇತ. ನಾನು ನೀಲಿ ಬಾಗಿಲಿನತ್ತ ತಿರುಗಿದೆ, ಮೆಟ್ಟಿಲು ಇನ್ನೂ ಹತ್ತು ಹೆಜ್ಜೆ ದೂರವಿತ್ತು. ಹಳದಿ ಬಣ್ಣ ಕಂಡಿತು. ಸುಟ್ಟ ವಾಸನೆ ಬಂತು, ಪರದೆ ಆರಿತು. ತಂತಿ ಕರಗಿ ಡಿಸ್ಕಿನ ಬಾಯಿಗೆ ಅಂಟಿಕೊಂಡಿತ್ತು. ಅದನ್ನು ಎಬ್ಬಿಸಲು ನನಗೆ ಗೊತ್ತಿರುವುದನ್ನೆಲ್ಲ ಮಾಡಿದೆ. ಏಳಲಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಗೆ ಉತ್ತರ, ಚಿಕ್ಕದು. ಪೆಟ್ಟಿಗೆ ಎಷ್ಟು ತಾಳುತ್ತದೋ ಅಷ್ಟೇ ಕೊಡಿ.

ಆಯಿಗೆ ಅಂದೇ ಸಂಜೆ ದೊಡ್ಡ ಕಾರ್ಡು ತಂದದ್ದನ್ನೂ ಡಿಸ್ಕು ಸುಟ್ಟದ್ದನ್ನೂ ಹೇಳಿದೆ, ಮೆಟ್ಟಿಲವರೆಗೆ ಹೋಗಲಾಗಲಿಲ್ಲ ಎಂಬುದನ್ನು ಮಾತ್ರ ಹೇಳಲಿಲ್ಲ. ಬಯ್ಯಲಿಲ್ಲ. ನನ್ನ ಕೈಯನ್ನು ಹುಡುಕಿ ಹಿಡಿದುಕೊಂಡು, "ನೀನೂ ಬಿಟ್ಟೆ," ಎಂದರು. ಅಷ್ಟೇ.

ಅದಾದ ಕೆಲವೇ ವಾರಗಳಲ್ಲಿ ಅವರ ದೃಷ್ಟಿ ಹೋಯಿತು. ಮರುದಿನ ಬಿಸಿಲುಪಾಲಿನ ಹೊತ್ತಿಗೆ ಸರಿಯಾಗಿ ಬಂದು ಸತ್ತ ಪರದೆಯ ಮುಂದೆ ಕೂತರು. "ನಡಿ ಮಗಾ, ಹೋಗುವ," ಎಂದರು. ನಾನು ಪಕ್ಕದಲ್ಲಿ ಕೂತು ನೆನಪಿನಿಂದ ಹೇಳತೊಡಗಿದೆ: ಬಲೆಯ ಮುದುಕ, ಬುಟ್ಟಿಯವಳು, ಬಾವಿ, ನೀಲಿ ಬಾಗಿಲು. ಮೆಟ್ಟಿಲ ಹತ್ತಿರ ನಿಂತೆ.

"ನಾನು ಬೇಡ ಅಂದ್ರೂ ನೀನು ದೊಡ್ಡ ಕಾರ್ಡಿನಲ್ಲಿ ನೋಡಿದ್ಯಲ್ಲ," ಎಂದರು ಆಯಿ. " ಮುಖ ಉಂಟಾ?"

ಇಲ್ಲ ಎನ್ನಬೇಕಿತ್ತು. ನನ್ನಿಂದಾಗಲಿಲ್ಲ. ಉಂಟು ಎಂದೆ. ದುಂಡು ಮುಖ, ಅಗಲ ಹಣೆ, ಮುಂದಿನ ಹಲ್ಲುಗಳ ನಡುವೆ ಸಂದು, ಎಡಗೆನ್ನೆಯಲ್ಲಿ ಗುಳಿ ಎಂದೆ. ಆಯಿ ತಲೆಯಾಡಿಸುತ್ತ ಕೇಳಿದರು. ಪ್ರತಿ ಮಧ್ಯಾಹ್ನ ಅದನ್ನೇ ಹೇಳಿಸಿಕೊಂಡರು. ಮಳೆಗಾಲ ಕಳೆಯಿತು, ಚಳಿ ಬಂತು. ಮೊನ್ನೆ ನಾನು ಮಾತು ಶುರುಮಾಡುವ ಮೊದಲೇ ಅವರು ನಕ್ಕರು.

"ಈಗ ಸರೀ ಕಾಣ್ತದೆ ಮಗಾ. ಅಗಲ ಹಣೆ, ಗುಳಿ. ನಾನು ಬೇರೆ ಎಂತದೋ ಮುಖ ಇಟ್ಕಂಡಿದ್ದೆ. ಅದು ಹೇಗಿತ್ತು ಅಂತ ಈಗ ನೆನಪೇ ಇಲ್ಲ."

ನಾನು ಎದ್ದು ಹೊರಗೆ ಹೋದೆ. ನೀರಿನ ತೊಟ್ಟಿಯಲ್ಲಿ ನನ್ನ ಪ್ರತಿಬಿಂಬ ಕಂಡಿತು. ಅಗಲ ಹಣೆ, ಎಡಗೆನ್ನೆಯ ಗುಳಿ. ಹಲ್ಲು ನೋಡಿಕೊಳ್ಳಲು ಬಾಯಿ ತೆರೆಯುವ ಧೈರ್ಯವಾಗಲಿಲ್ಲ.

೨೦೨೯ರ ಜುಲೈ ಹದಿನೇಳು, ಬೆಳಗ್ಗೆ ಹತ್ತರ ಸುಮಾರಿಗೆ ಕಡಲಗೋಡೆ ಒಡೆಯುತ್ತದೆ. ಈ ಕಾಗದ ಹೇಗಾದರೂ ತಲುಪಿದರೆ ಅದಕ್ಕೆ ಮೊದಲೇ ಮಕ್ಕಳನ್ನು ಕರೆದುಕೊಂಡು ಘಟ್ಟ ಹತ್ತಿ. ನೀವು ಇದನ್ನು ನಂಬುವುದಿಲ್ಲ, ನಾನಾಗಿದ್ದರೂ ನಂಬುತ್ತಿರಲಿಲ್ಲ. ಹಾಗಾದರೆ ಇಷ್ಟನ್ನಾದರೂ ಮಾಡಿ. ನಾಳೆ ಬೆಳಗ್ಗೆ ತುಳಸಾಳ ಜೊತೆ ಆ ಪುಟ್ಟ ಮಗುವೂ ನಿಮ್ಮ ಬಾಗಿಲಿಗೆ ಬರುತ್ತದೆ. ಅದನ್ನು ಒಂದು ಗಳಿಗೆ ನಿಲ್ಲಿಸಿ ಮುಖ ನೋಡಿ, ಹೇಗಿದೆ ಎಂದು ಒಂದು ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಬರೆದು ತಗಡಿನ ಡಬ್ಬಿಯಲ್ಲಿಡಿ. ಶಿಬಿರದ ಗೋದಾಮಿನ ಸಾಮಾನು ಇನ್ನೂ ಪೂರ್ತಿ ಬಿಚ್ಚಿಲ್ಲ. ನಾನು ದಿನಾ ಹೋಗಿ ಆ ಡಬ್ಬಿ ಹುಡುಕುತ್ತಿದ್ದೇನೆ.