ನೀರಿಗೆ ದಾರಿ ಬಿಟ್ಟ ಬಲೆ

ಪ್ರೀತಿಯ ಅಪ್ಪನಿಗೆ,

ಗೆದ್ದೆ! ಇವತ್ತು ನನ್ನ ಬಲೆಗೆ ಇನ್ನೂರ ಹದಿನಾರು ಮೀನಿನ ಮರಿಗಳು ಬಂದವು, ಎಲ್ಲವೂ ಜೀವಂತ. ಅಧ್ಯಯನಕ್ಕೆಂದು ಎಣಿಸಿ, ಅಳೆದು, ಮತ್ತೆ ನೀರಿಗೆ ಬಿಟ್ಟೆವು.

ಮೊನ್ನೆ ಫೋನಿನಲ್ಲಿ "ನನ್ನ ಫ್ರೆಂಡ್ ಬಲೆ ಎರಡು ಟೆಸ್ಟ್‌ನಲ್ಲೂ ಫೇಲ್" ಎಂದಿದ್ದೆನಲ್ಲ, ಅದು ನನ್ನದೇ ಬಲೆ. ಮೂರನೇ ಟೆಸ್ಟೂ ಹೋದರೆ ಡಿಸೈನ್ ಕ್ಯಾನ್ಸಲ್ ಎಂದು ನಮ್ಮ ಕಾಲೇಜಿನ ಮೇಡಂ ಹೇಳಿದ್ದರು. ಒಂದು ಮರಿಯೂ ತಪ್ಪಿಸಿಕೊಳ್ಳಬಾರದೆಂದು ಬಲೆಯ ಬಾಯಿಂದ ಬಾಲದವರೆಗೆ ಸೊಳ್ಳೆಪರದೆಯಷ್ಟು ಸಣ್ಣ ಕಣ್ಣು ಹಾಕಿದ್ದೆ.

ಫೋನಿನಲ್ಲಿ ಅದನ್ನು ಕೇಳಿ ನೀವು ಅಲ್ಲಿ ಬಲೆ ಹೆಣೆಯುತ್ತಲೇ ನಕ್ಕಿರಿ: "ಯಾರೇ ಅವಳು ಪೆದ್ದಿ? ನೀರೇ ಒಳಗೆ ಹೋಗ್ದಿದ್ರೆ ಮೀನು ಹೋಗುತ್ತಾ? ಬಾಯಲ್ಲಿ ದೊಡ್ಡ ಕಣ್ಣು, ಬಾಲದಲ್ಲಿ ಮಾತ್ರ ಸಣ್ಣದು ಹಾಕು ಅನ್ನು."

ಹಾಗೇ ಮಾಡಿದೆ. ಬಾಲ ಬಿಚ್ಚಿದಾಗ ದೋಣಿಯವರು, "ಅಬ್ಬಾ, ಶಾಲೆ ಬಿಟ್ಟ ಹಾಗಿದೆಯಲ್ಲಮ್ಮ!" ಎಂದರು.

ಇಂಥ ಇನ್ನೂ ಆರು ಬಲೆ ಬೇಕಂತೆ. ಹೆಣಿಗೆ ಕಲಿಸಲು ಸೋಮವಾರ ನೀವು ಬರುತ್ತೀರೆಂದು ಮೇಡಂಗೆ ಹೇಳಿಬಿಟ್ಟಿದ್ದೇನೆ. ಕೆಲಸದ ಬಟ್ಟೆಯಲ್ಲೇ ಬನ್ನಿ. ಅಡ್ಮಿಷನ್ ದಿನ ನಿಮ್ಮನ್ನು ಗೇಟಿನಿಂದಲೇ ಕಳಿಸಿದ್ದೆ. ಈ ಸಲ ಕ್ಲಾಸಿನವರೆಲ್ಲರ ಮುಂದೆ ಲ್ಯಾಬಿನೊಳಗೆ ನಾನೇ ಕರೆದುಕೊಂಡು ಹೋಗುತ್ತೇನೆ.

ನಿಮ್ಮ ಮಗಳು