ಗೆರೆ ಹಾಕದೆ ಬಿಟ್ಟ ಅಚ್ಚು

ಗಂಗಾವಳಿ ಅಳಿವೆಯ ಕಡಲಬಾಗಿಲು,
ಒಂದು ಲಕ್ಷ ಹದಿಮೂರು ಸಾವಿರದ ನಲವತ್ತೆರಡನೆಯ ಭರತ.

ಯಂತ್ರಗಳ ನಕ್ಷೆ ಬರೆಯುವ ಹಿರಿಯರಿಗೆ, ತುಂಗಾ ಬೊಮ್ಮಯ್ಯ ಗಾಂವಕರ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನಿಮಗೆ ವಿಚಿತ್ರವಾಗಿ ಕಂಡೀತು. ಸಮುದ್ರ ಏರುವುದಕ್ಕೆ ನಾವು ಈಗಲೂ ಭರತ ಎಂದೇ ಹೇಳುತ್ತೇವೆ. ಈ ಅಳಿವೆಗೆ ಕಡಲು ತಡೆಯುವ ಬಾಗಿಲುಗಳ ಸಾಲು ಕೂರಿಸಿದ ದಿನದಿಂದ ಒಂದೊಂದು ಭರತವನ್ನೂ ಎಣಿಸುತ್ತ ಬಂದಿದ್ದೇವೆ. ನಿಮ್ಮ ಕ್ಯಾಲೆಂಡರಿನಲ್ಲಿ ಇದು ೨೧೯೪, ನಿಮ್ಮ ಕಾಲಕ್ಕಿಂತ ನೂರೈವತ್ತಕ್ಕೂ ಹೆಚ್ಚು ವರ್ಷ ಮುಂದೆ. ನನ್ನ ಕೆಲವು ಪದಗಳು ನಿಮಗೆ ಹೊಸತಾಗಿ ಕೇಳಿಸಬಹುದು, ಕ್ಷಮಿಸಿ. ನೀವು ಸೆಕ್ಷನ್ ಎಂದು ಕರೆಯುವುದನ್ನು ನಾವು ಸೀಳುನೋಟ ಎನ್ನುತ್ತೇವೆ. ಸೀಳಿದ ಮೈಯನ್ನು ತೋರಿಸಲು ನೀವು ಹಾಕುವ ಹ್ಯಾಚಿಂಗ್ ನಮ್ಮ ಬಾಯಲ್ಲಿ ಓರೆಗೆರೆ. ಹೆಸರು ಬದಲಾಗಿದೆ, ನಿಯಮ ಮಾತ್ರ ಹಾಗೇ ಇದೆ. ಅದು ಉಳಿದುಕೊಂಡದ್ದರಿಂದ ನಮಗೆ ಏನಾಯಿತು ಎಂದು ತಿಳಿಸಲೆಂದೇ ಈ ಕಾಗದ.

ನಮ್ಮ ಮನೆಗಳು ಕಂಬಗಳ ಮೇಲಿವೆ. ಹಾಲು, ತರಕಾರಿ, ಶಾಲೆಯ ಮಕ್ಕಳು, ಎಲ್ಲ ಬರುವುದು ದೋಣಿಯಲ್ಲಿ. ಬಾಗಿಲಿನ ಒಳಗಡೆ ಮಾತ್ರ ಮೂರು ಊರುಗಳ ಗಜನಿ, ಅಂದರೆ ಹಿನ್ನೀರಿನಂಚಿನ ತಗ್ಗು ಗದ್ದೆ ಇದೆ. ಕೊಂಚ ಉಪ್ಪು ತಾಳಿಕೊಳ್ಳುವ ಕಗ್ಗದ ಭತ್ತ ಅಲ್ಲಿ ಬೆಳೆಯುತ್ತದೆ. ಗದ್ದೆಯ ಆಚೆ ನಮ್ಮ ಹನ್ನೆರಡು ಸಿಹಿನೀರಿನ ಬಾವಿಗಳು. ಕಡಲು ಒಂದು ಸಲ ಪೂರ್ತಿ ಒಳನುಗ್ಗಿದರೆ ಆ ಬಾವಿಗಳು ಐದು ವರ್ಷ ಕುಡಿಯಲು ಬಾರವು. ಹಾಗಾಗಿ ಇಲ್ಲಿ ಬಾಗಿಲು ಕಾಯುವುದಕ್ಕಿಂತ ದೊಡ್ಡ ಕೆಲಸವಿಲ್ಲ. ಯಂತ್ರಗಳ ಒಳಹೊರಗನ್ನೆಲ್ಲ ಗಾಳಿಯಲ್ಲಿ ನಿಲ್ಲಿಸಿ ತೋರಿಸುವ ಒಂದು ಪೆಟ್ಟಿಗೆ ನಮ್ಮಲ್ಲಿದೆ, ಅದನ್ನು ನೆರಳುಗೂಡು ಎನ್ನುತ್ತೇವೆ. ಹೊಸ ಯಂತ್ರಗಳೆಲ್ಲ ಅದರಲ್ಲಿ ಕಾಣುತ್ತವೆ. ಆದರೆ ಈ ಬಾಗಿಲಿನಷ್ಟು ಹಳೆಯ ಕಡತಗಳನ್ನು ಅದು ಎಂದೋ ಓದಲಾರದೆ ಹೋಯಿತು. ಉಳಿದದ್ದು ಗಾಜಿನ ಚೌಕಟ್ಟಿನಲ್ಲಿ ತೂಗುಹಾಕಿದ ಒಂದೇ ಒಂದು ನಕ್ಷೆಯ ಹಾಳೆ.

ನಾನು ಬಾಗಿಲಶಾಲೆಯಲ್ಲಿ ಗೆರೆಪಾಠ ಹೇಳುವವಳು, ಅಂದರೆ ಹಳೆಯ ನಕ್ಷೆ ಓದುವುದನ್ನು ಕಲಿಸುವವಳು. ನನ್ನ ಗುರು ಲೀಲಾಬಾಯಿ ಆಗೇರ, ಅವರಿಗೆ ಅವರ ಚಿಕ್ಕಮ್ಮ. ಮೂರು ತಲೆಮಾರು ಕಲಿಸಿದ್ದೇವೆ. ಒಬ್ಬರಿಗೂ ಅದು ಕೆಲಸಕ್ಕೆ ಬಂದಿರಲಿಲ್ಲ. ಓರೆಗೆರೆಗಳ ನಡುವೆ ಅಂತರ ಹೆಚ್ಚುಕಡಿಮೆಯಾದರೆ ಲೀಲಾಬಾಯಿ ಇಡೀ ಹಾಳೆಯನ್ನು ಮತ್ತೆ ಬರೆಸುತ್ತಿದ್ದರು. ನಾನು ಮನಸ್ಸಿನಲ್ಲೇ ಬೈದುಕೊಳ್ಳುತ್ತಿದ್ದೆ. ಈ ವರ್ಷ ನನ್ನ ತರಗತಿಗೆ ಬಂದವರು ನಾಲ್ಕೇ ಜನ. ಮುಂದಿನ ತಿಂಗಳಿಂದ ಪಾಠ ನಿಲ್ಲಿಸೋಣ ಎಂದು ಪಂಚಾಯಿತಿಯವರು ಮೆಲ್ಲಗೆ ಹೇಳಿಯೂ ಇದ್ದರು.

ಕಳೆದ ಹುಣ್ಣಿಮೆಯ ದಿನ ಬೆಳಿಗ್ಗೆ ಏಳಕ್ಕೆ ನಾಲ್ಕನೆಯ ಬಾಗಿಲು ಅರ್ಧ ತೆರೆದು ಸಿಕ್ಕಿಕೊಂಡಿತು. ಮೇಲಕ್ಕೂ ಬಾರದು, ಕೆಳಕ್ಕೂ ಇಳಿಯದು. ಮಧ್ಯಾಹ್ನ ಮೂರಕ್ಕೆ ವರ್ಷದ ಅತಿ ದೊಡ್ಡ ಭರತ, ಜೊತೆಗೆ ಪಡುವಣ ಗಾಳಿ. ಗದ್ದೆಯಲ್ಲಿ ಕಗ್ಗ ತೆನೆ ಬಾಗಿಸಿ ನಿಂತಿತ್ತು. ನಾನು ಹೋಗುವಷ್ಟರಲ್ಲಿ ಬಾಗಿಲಿನ ಮುಖ್ಯಸ್ಥ ಹಮ್ಮಣ್ಣ ನಾಯಕ ಗಾಜಿನ ಚೌಕಟ್ಟು ಕೆಳಗಿಳಿಸಿಕೊಂಡು ಹಾಳೆಯ ಮೇಲೆ ಬೆರಳಿಟ್ಟು ನಿಂತಿದ್ದ. ಬಾಗಿಲು ತಿರುಗುವ ಭಾಗವೆಲ್ಲ ಕಾಂಕ್ರೀಟು, ಚಿಪ್ಪು, ತುಕ್ಕಿನಲ್ಲಿ ಹೂತುಹೋಗಿತ್ತು. ಒಳಗೇನಿದೆ ಎಂದು ಹೊರಗಿನಿಂದ ನೋಡಿ ಹೇಳುವ ಹಾಗಿರಲಿಲ್ಲ.

"ನೋಡು ತುಂಗಕ್ಕ, ಸುತ್ತಲೂ ಓರೆಗೆರೆ ಇದೆ, ನಡುವೆ ಬೆರಳಗಲದ ಪಟ್ಟಿ ಬರೀ ಖಾಲಿ. ಎಣ್ಣೆ ಹರಿಯೋ ಕೊಳವೆ ಇರಬೇಕು. ಅಲ್ಲಿಗೇ ಕೊರೆದು ಎಣ್ಣೆ ತುಂಬಿಸ್ತೇವೆ," ಎಂದ. ಕೊರೆಯುವ ಯಂತ್ರವನ್ನು ಆಗಲೇ ದೋಣಿಯಿಂದ ಇಳಿಸುತ್ತಿದ್ದರು.

ನಾನು ಹಾಳೆ ನೋಡಿದೆ.

"ಅದು ಕೊಳವೆ ಅಲ್ಲ ಹಮ್ಮಣ್ಣ. ಬಾಗಿಲು ತಿರುಗೋ ಅಚ್ಚು ಅದು, ಗಟ್ಟಿ ಶಾಫ್ಟು. ಇಡೀ ಬಾಗಿಲಿನ ಭಾರ ಹೊತ್ತಿರೋದು ಅದೇ. ಕೊರೆದರೆ ಮುರಿದು ಬೀಳ್ತದೆ."

"ಗೆರೆಯೇ ಇಲ್ಲವಲ್ಲ! ಗಟ್ಟಿ ಇದ್ದಲ್ಲಿ ಗೆರೆ, ಪೊಳ್ಳು ಇದ್ದಲ್ಲಿ ಖಾಲಿ ಅಂತ ನೀನೇ ಅಲ್ವಾ ಮಕ್ಕಳಿಗೆ ಹೇಳಿಕೊಡೋದು?"

ಆ ಮಾತು ನಿಜವೇ. ಅದು ಮೊದಲ ವಾರದ ಪಾಠ. ಆದರೆ ಅಚ್ಚು, ಬೋಲ್ಟು, ಆನಿಕೆಯ ತೆಳು ಹಲಗೆ, ಇವನ್ನು ಉದ್ದಕ್ಕೆ ಸೀಳಿದಂತೆ ತೋರಿಸುವಾಗ ಗೆರೆ ಹಾಕಬಾರದು ಎಂಬುದು ಎರಡನೆಯ ತಿಂಗಳ ಪಾಠ. ಅಚ್ಚನ್ನು ಉದ್ದಕ್ಕೆ ಸೀಳಿದರೆ ಒಳಗೆ ಹೊಸದೇನೂ ಕಾಣುವುದಿಲ್ಲ. ಗೆರೆ ತುಂಬಿದರೆ ಅದು ಸುತ್ತಲಿನ ಭಾಗಗಳಲ್ಲಿ ಕಲೆತುಹೋಗುತ್ತದೆ. ಖಾಲಿ ಬಿಟ್ಟರೆ ಎದ್ದು ಕಾಣುತ್ತದೆ. ಇದನ್ನೆಲ್ಲ ನಾನು ಒಂದೇ ಉಸಿರಿನಲ್ಲಿ ಹೇಳಿದೆ. ಹಮ್ಮಣ್ಣ ತಗ್ಗಿದ ದನಿಯಲ್ಲಿ ಕೇಳಿದ: "ಮೂರು ಊರಿನ ನೀರಿನ ಪ್ರಶ್ನೆ ಅಕ್ಕ. ಆ ಕಾಲದವರು ಹಾಗೇ ಬರೆದಿದ್ದರು ಅಂತ ನಂಬೋದು ಹೇಗೆ?"

ಸುಳ್ಳು ಹೇಳಲಾರೆ, ಆ ಗಳಿಗೆಯಲ್ಲಿ ನನಗೂ ಅಳುಕಾಯಿತು. ಈ ನಿಯಮವನ್ನು ನಾನು ಬಾಯಿಪಾಠ ಮಾಡಿದ್ದೆನೇ ಹೊರತು ಪರೀಕ್ಷಿಸಿ ನೋಡಿರಲಿಲ್ಲ. ಹಾಳೆಯ ಮೇಲೆ ಬಗ್ಗಿ, ಒಂದೊಂದು ಮೂಲೆಯನ್ನೂ ಹುಡುಕಿದೆ. ಕೆಳಗಡೆ, ನಾಣ್ಯದಷ್ಟು ದೊಡ್ಡದೊಂದು ವೃತ್ತ ಸಿಕ್ಕಿತು. ಅದೇ ಜಾಗವನ್ನು ಅಡ್ಡಕ್ಕೆ ಸೀಳಿ, ಪಕ್ಕಕ್ಕೆ ತೆಗೆದು ಬರೆದಿದ್ದ ನೋಟ ಅದು. ಆ ವೃತ್ತದ ನಡುಭಾಗದಲ್ಲಿ ಅಂಚಿನಿಂದ ಅಂಚಿಗೆ ಓರೆಗೆರೆಗಳು ತುಂಬಿದ್ದವು. ಪೊಳ್ಳಾಗಿದ್ದರೆ ಅಲ್ಲಿ ಖಾಲಿ ಇರಬೇಕಿತ್ತು. ಹಮ್ಮಣ್ಣನ ಬೆರಳನ್ನು ಹಿಡಿದು ಅದರ ಮೇಲಿಟ್ಟೆ. ಅವನು ತಲೆಯೆತ್ತಿ, "ಕೊರೆಯೋ ಯಂತ್ರ ವಾಪಸ್ ದೋಣಿಗೆ ಹಾಕಿ," ಎಂದು ಕೂಗಿದ. ನನ್ನ ಕಣ್ಣು ತುಂಬಿತು.

ಇನ್ನು ಬಾಗಿಲನ್ನು ಬಿಡಿಸುವುದು ಹೇಗೆ? ಅದಕ್ಕೂ ಉತ್ತರ ಹಾಳೆಯಲ್ಲೇ ಇತ್ತು. ಅಚ್ಚಿನ ಒಂದು ತುದಿಯಲ್ಲಿ ಹೊರಗಿನ ಎರಕಕ್ಕೆ ಗೆರೆಗಳು ಬಲಕ್ಕೆ ವಾಲಿದ್ದವು; ಅದಕ್ಕೂ ಅಚ್ಚಿಗೂ ನಡುವಿನ ತೆಳು ಪಟ್ಟಿಯಲ್ಲಿ ಎಡಕ್ಕೆ. ಗೆರೆ ವಾಲುವ ದಿಕ್ಕು ಬದಲಾಯಿತೆಂದರೆ ಅದು ಬೇರೆಯದೇ ಭಾಗ. ಅಂದರೆ ಅಲ್ಲಿ ಅಚ್ಚಿಗೆ ಬಳೆಯಂತೆ ತೊಡಿಸಿದ ಒಂದು ಬುಷ್ ಇತ್ತು, ಮುಚ್ಚಳ ಬಿಚ್ಚಿದರೆ ಹೊರಗೆಳೆಯಬಹುದಾದ ಬುಷ್. ಇನ್ನೊಂದು ತುದಿಯಲ್ಲಿ ಮುಚ್ಚಳವೇ ಇರಲಿಲ್ಲ. ಕಾಂಕ್ರೀಟು ಒಡೆದು ಒಳಗೆ ಮುಟ್ಟಲು ನಾಲ್ಕು ತಾಸು ಬೇಕು. ಹಾಗಾಗಿ ಒಂದೇ ಬದಿ ಒಡೆಯಲು ಸಮಯವಿತ್ತು. ನಕ್ಷೆಯಲ್ಲಿ ಮುಚ್ಚಳ ಎಡಕ್ಕಿದೆ ಸರಿ, ನದಿಯಲ್ಲಿ ಅದು ಉತ್ತರ ದಡದ ಕಡೆಗೋ ದಕ್ಷಿಣ ದಡದ ಕಡೆಗೋ? ಹಾಳೆಯಲ್ಲೇ ಬಾಗಿಲನ್ನು ಮೇಲಿನಿಂದ ನೋಡಿದಂತೆ ಬರೆದ ಚಿತ್ರವೂ ಇತ್ತು; ಅದರಲ್ಲಿ ಸೀಳಿದ ಜಾಗ ತೋರಿಸುವ ಗೆರೆಯ ಎರಡು ತುದಿಗಳಲ್ಲಿ, ಯಾವ ಕಡೆಗೆ ನೋಡಿ ಬರೆದದ್ದು ಎಂದು ಹೇಳುವ ಬಾಣಗಳಿದ್ದವು. ಎರಡೂ ಕಡಲಿನಿಂದ ನೆಲದ ಕಡೆಗೆ ಮುಖ ಮಾಡಿದ್ದವು. ಹಾಗಾದರೆ ಬರೆದವರು ಪಡುವಣ ದಿಕ್ಕಿನಲ್ಲಿ ನಿಂತು ಮೂಡಣಕ್ಕೆ ನೋಡುತ್ತಿದ್ದಾರೆ. ಅವರ ಎಡಗೈ ಉತ್ತರ.

"ಉತ್ತರ," ಎಂದೆ. ಈ ಸಲ ಯಾರೂ ಪುರಾವೆ ಕೇಳಲಿಲ್ಲ.

ಹನ್ನೆರಡೂವರೆಗೆ ಕಾಂಕ್ರೀಟಿನೊಳಗಿಂದ ಮುಚ್ಚಳ ಕಂಡಿತು. ನಕ್ಷೆಯಲ್ಲಿದ್ದಂತೆಯೇ ಆರು ಬೋಲ್ಟು. ನೆರೆದಿದ್ದ ಜನರೆಲ್ಲ ಹೋ ಎಂದು ಕೂಗಿದರು. ಜಾಕಿ ಕೊಟ್ಟು ಅಚ್ಚನ್ನು ಕೂದಲೆಳೆಯಷ್ಟು ಎತ್ತಿ, ಉಬ್ಬಿ ಕಚ್ಚಿಕೊಂಡಿದ್ದ ಬುಷ್ಷನ್ನು ತುಂಡುತುಂಡಾಗಿ ಎಳೆದು ತೆಗೆದರು. ಅಷ್ಟರಲ್ಲಿ ನಮ್ಮ ವರ್ಕ್‌ಶಾಪಿನ ಹೆಂಗಸರು ಹಾಳೆಯ ಮೇಲಿನ ಅಳತೆಯನ್ನೇ ನಂಬಿ ಕಂಚಿನಲ್ಲಿ ಹೊಸ ಬುಷ್ ಕಡೆದಿದ್ದರು. ಒಳಗೆ ತಳ್ಳಿದಾಗ ಅದು ಒಂದೇ ಸಲಕ್ಕೆ ಕೂತಿತು. ಎರಡೂ ಮುಕ್ಕಾಲಿಗೆ ನೀರು ಮೇಲಿನ ಗುರುತನ್ನು ಮುಟ್ಟುತ್ತಿದ್ದಾಗ ನಾಲ್ಕನೆಯ ಬಾಗಿಲು ಸದ್ದಿಲ್ಲದೆ ಇಳಿದು ಮುಚ್ಚಿಕೊಂಡಿತು. ಹೊರಗೆ ಕಡಲು ಮೂರಾಳು ಎತ್ತರಕ್ಕೆ ನಿಂತಿತ್ತು. ಒಳಗೆ ಗದ್ದೆಯ ಬದುವಿನ ಮೇಲೆ ಕೊಕ್ಕರೆಗಳು ಓಡಾಡುತ್ತಿದ್ದವು.

ಆ ಸಂಜೆಯೇ ನಾನು ಲೀಲಾಬಾಯಿಯವರ ಮನೆಗೆ ಹೋದೆ. ಅವರಿಗೀಗ ತೊಂಬತ್ತಮೂರು, ಕಣ್ಣು ಮಂಜು. ಎಲ್ಲ ಕೇಳಿ, "ಗೆರೆಗಳ ಅಂತರ ಸಮವಾಗಿತ್ತೇನೇ?" ಎಂದರು. ಸಮವಾಗಿತ್ತು ಎಂದೆ. "ಹಾಗಾದರೆ ಕೆಲಸ ಬಲ್ಲವರು," ಎಂದು ನಕ್ಕರು. ನನಗೆ ಇಷ್ಟು ಹೆಮ್ಮೆಯಾದ ದಿನ ಇನ್ನೊಂದಿಲ್ಲ. ಆ ಹೆಮ್ಮೆ ನನ್ನೊಬ್ಬಳದಲ್ಲ, ನಿಮ್ಮದೂ ಹೌದು. ಒಬ್ಬರನ್ನೊಬ್ಬರು ಕಾಣದ ಎಷ್ಟೋ ಜನ ಒಂದೇ ಬಗೆಯಲ್ಲಿ ಗೆರೆ ಎಳೆಯಲು ಒಪ್ಪಿಕೊಂಡಿರಿ. ಆ ಒಪ್ಪಿಗೆಯನ್ನು ಯಾರೂ ನೋಡದಿದ್ದಾಗಲೂ ಮುರಿಯಲಿಲ್ಲ. ಈಗ ನನ್ನ ತರಗತಿಯಲ್ಲಿ ಮೂವತ್ತೊಂದು ಜನ. ಹಿಂದಿನ ಬೆಂಚಿನಲ್ಲಿ ಹಮ್ಮಣ್ಣ ಪೆನ್ಸಿಲ್ ಕಚ್ಚಿಕೊಂಡು ಕೂರುತ್ತಾನೆ. ಅವನ ಓರೆಗೆರೆ ಇನ್ನೂ ಸೊಟ್ಟ.

ನನ್ನದೊಂದು ಕೋರಿಕೆ. ನಿಮಗೂ ದಣಿವಾಗುವ ದಿನಗಳಿರುತ್ತವೆ, ಗೊತ್ತು. ಇಷ್ಟು ಚಿಕ್ಕ ಬಾಣ ಯಾರಿಗೆ ಬೇಕು, ಬಿಟ್ಟುಬಿಡಿ ಎಂದು ಮೇಲಿನವರು ಅವಸರ ಮಾಡಬಹುದು, ಅಡ್ಡನೋಟ ಇನ್ನೊಂದೇಕೆ ಎನ್ನಬಹುದು. ಆಗ ದಯವಿಟ್ಟು ಬಿಡಬೇಡಿ, ಬರೆಯಿರಿ. ಯಾರು ನೋಡುತ್ತಾರೆ ಎಂದು ಕೇಳಿದರೆ, ನೋಡುವವರು ಇದ್ದಾರೆ ಎಂದು ಹೇಳಿ.

ನಾವಿದ್ದೇವೆ.