ಅಮ್ಮನ ಪ್ರಮಾಣಪತ್ರ, ಲುಪೆ ಅಜ್ಜಿಯ ಚಾಪೆ

ಪೊರಿರುವಾ,
ಜೂನ್ ೧೯, ಶುಕ್ರವಾರ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಅಜ್ಜಿಯ ಕಾಲಿನ ಬಾವು ಇಳಿಯಿತಾ? ಅವರನ್ನ ಸ್ನಾನಕ್ಕೆ ಒಬ್ಬಳೇ ಎತ್ತಬೇಡ, ನಿನ್ನ ಬೆನ್ನು ನನಗೆ ಗೊತ್ತು. ಅಲ್ಲಿ ಸವಾಯಿ ದ್ವೀಪದ ಬಿಸಿಲು ನೆನೆಸಿಕೊಂಡರೆ ಹೊಟ್ಟೆಕಿಚ್ಚು. ಇಲ್ಲಿ ಗಾಳಿ ಹೇಗೆ ಬೀಸುತ್ತಿದೆ ಅಂದರೆ ನಿನ್ನೆ ಅಪ್ಪನ ಪ್ಯಾಂಟು ಹಗ್ಗದಿಂದ ಹಾರಿ ಚರ್ಚಿನ ಬೇಲಿಗೆ ಸಿಕ್ಕಿಕೊಂಡಿತ್ತು. ಅಪ್ಪ ಚೆನ್ನಾಗಿದ್ದಾನೆ. ನೀನು ಹೋದಾಗಿನಿಂದ ವಾರಕ್ಕೆ ನಾಲ್ಕು ದಿನ ಸಾಸೇಜು, ಉಳಿದ ಮೂರು ದಿನ 'ಬೇರೆ ಏನಾದ್ರೂ ಮಾಡ್ತೀನಿ' ಅಂತ ಹೇಳಿ ಅದನ್ನೇ ಕತ್ತರಿಸಿ ಸೂಪಿಗೆ ಹಾಕುತ್ತಾನೆ. ನಾನೂ ಚೆನ್ನಾಗಿದ್ದೀನಿ, ಅಂದರೆ ಈಗ ಚೆನ್ನಾಗಿದ್ದೀನಿ. ಭಾನುವಾರ ಚೆನ್ನಾಗಿರಲಿಲ್ಲ, ಸೋಮವಾರ ಅಂತೂ ಕೇಳಲೇಬೇಡ. ಫೋನಿನಲ್ಲಿ ಹೇಳಿದರೆ ಅತ್ತುಬಿಡ್ತೀನಿ ಅಂತ ಬರೆಯುತ್ತಿದ್ದೀನಿ. ಸೋಲೊ ಮಾಮ ನಾಳೆಯ ವಿಮಾನಕ್ಕೆ ಹೊರಟಿದ್ದಾನೆ, ಅವನ ಕೈಯಲ್ಲಿ ಕಳಿಸುತ್ತೀನಿ.

ನೀನು ಹೇಳಿದ ಹಾಗೆ ನಿನ್ನ ಪ್ರಮಾಣಪತ್ರದ ನವೀಕರಣಕ್ಕೆ ಕಾಗದಗಳನ್ನೆಲ್ಲ ಜೋಡಿಸೋಕೆ ಭಾನುವಾರ ಪ್ರಾರ್ಥನೆ ಮುಗಿಸಿ ಕೂತೆ. ಮೂವತ್ತನೇ ತಾರೀಖಿನೊಳಗೆ ಮಂಡಳಿಗೆ ಮುಟ್ಟಬೇಕು, ಇಲ್ಲದಿದ್ದರೆ ನೀನು ವಾಪಸ್ ಬಂದ ಮೇಲೆ ಆ ಮೇಜಿನ ಮುಂದೆ ಕೂರೋಕಾಗಲ್ಲ, ಸಮಾಜ ಕಾರ್ಯಕರ್ತೆ ಅಂತ ಹೇಳಿಕೊಳ್ಳೋಕೂ ಆಗಲ್ಲ. ಇದನ್ನ ಕಾಲೇಜಿನಲ್ಲಿ ಸಮಾಜಕಾರ್ಯ ಓದೋ ನಮಗೆ ಮೊದಲ ವಾರವೇ ಎಷ್ಟು ಹೆದರಿಸಿ ಹೇಳಿದ್ದಾರೆ ಅಂದರೆ ನನಗೆ ಕನಸಿನಲ್ಲೂ ಮೂವತ್ತನೇ ತಾರೀಖೇ. ತರಬೇತಿಯ ಗಂಟೆಗಳು ಸರಿ ಇದ್ದವು. ಪೊಲೀಸ್ ಕೇಸುಗಳ ಪ್ರಶ್ನೆಗೆ 'ಇಲ್ಲ'. ಆಮೇಲೆ ಒಂದು ಪ್ರಶ್ನೆ: ನೀವು ಸೇವೆ ಮಾಡಿದ ಕುಟುಂಬದಿಂದ ಈ ವರ್ಷ ಬೆಲೆಬಾಳುವ ಉಡುಗೊರೆ ಏನಾದರೂ ಪಡೆದಿದ್ದೀರಾ? ನಮ್ಮಮ್ಮನಾ, ಅಂತ ನಗುತ್ತಲೇ 'ಇಲ್ಲ' ಅಂತ ಬರೆದೆ. ಹಳೇ ಪ್ರಮಾಣಪತ್ರ ಹುಡುಕುತ್ತಾ ನಿನ್ನ ಹಾಸಿಗೆ ಎತ್ತಿದೆ ನೋಡು. ಕೆಳಗೆ ಆ ಚಾಪೆ. ನಮ್ಮವರು ಮದುವೆಗೆ, ಸಾವಿಗೆ ಕೊಡೋ ಬೆಲೆಬಾಳುವಂಥದ್ದು, ರೇಷ್ಮೆಯ ಹಾಗೆ ನುಣುಪು, ಅಂಚಿಗೆಲ್ಲ ಕೆಂಪು ಪುಕ್ಕ. ಲುಪೆ ಅಜ್ಜಿಯ ಮನೆಯವರು ಅಂತ ಚೀಟಿ. ಇಬ್ಬರು ಮೊಮ್ಮಕ್ಕಳನ್ನ ನೀನು ಸರ್ಕಾರದವರ ಕೈಯಿಂದ ಮನೆಗೆ ತಂದುಕೊಟ್ಟೆಯಲ್ಲ, ಅದೇ ಲುಪೆ ಅಜ್ಜಿ.

ಅಮ್ಮಾ, ಹಾಸಿಗೆ ಮತ್ತೆ ಮುಚ್ಚಿಬಿಟ್ಟೆ, ಆಮೇಲೆ ಮತ್ತೆ ಎತ್ತಿ ನೋಡಿದೆ. 'ಉಡುಗೊರೆ ಮುಟ್ಟಬೇಡಿ' ಅನ್ನೋದು ನಮಗೆ ಎರಡನೇ ಪಾಠ. ನಿನ್ನನ್ನ ಕೇಳೋದಾ? ಕೇಳಿದರೆ ನೀನು ಏನು ಹೇಳಿಬಿಡ್ತೀಯೋ ಅಂತ ಭಯ. ಅಪ್ಪನನ್ನ ಕೇಳಿದರೆ ಅವನು ಚಾಪೆ ತಿರುಗಿಸಿ ತಿರುಗಿಸಿ ನೋಡಿ, "ಚೆನ್ನಾಗಿದೆಯಲ್ಲ, ಗೋಡೆಗೆ ಹಾಕೋಣ್ವಾ?" ಅಂದ. ವಾಪಸ್ ಕೊಟ್ಟುಬಿಟ್ಟರೆ ನಾನು ಬರೆದ 'ಇಲ್ಲ' ನಿಜವಾಗುತ್ತೆ ಅನ್ನಿಸಿತು. ಸೋಮವಾರ ಬೆಳಗ್ಗೆ ಏಳೂವರೆಗೇ ಲುಪೆ ಅಜ್ಜಿಯ ಮನೆ ಮುಂದೆ ನಿಂತಿದ್ದೆ.

ಬಾಗಿಲು ಬಡಿದೆ, ಯಾರೂ ಬರಲಿಲ್ಲ. ಆ ಗಾಳಿ ಚಾಪೆಗೆ ಸುತ್ತಿದ್ದ ಬೆಡ್‌ಶೀಟನ್ನ ಕಿತ್ತುಕೊಂಡು ಹೋಯಿತು. ಚಾಪೆ ಬಿಚ್ಚಿಕೊಂಡು ಹಾಯಿಯ ಹಾಗೆ ಉಬ್ಬಿತು. ಹಾರಿಹೋದರೆ ಏನು ಗತಿ ಅಂತ ತಲೆಯ ಮೇಲಿಂದ ಎಳೆದುಕೊಂಡು, ಎರಡೂ ಕೈಯಲ್ಲಿ ಅಂಚು ಹಿಡಿದು, ಅಂಗಳದಲ್ಲೇ ನೆಲಕ್ಕೆ ಕೂತುಬಿಟ್ಟೆ.

ಪಕ್ಕದ ಮನೆಯ ಹೆಂಗಸು ಕಿಟಾರನೆ ಕಿರುಚಿದರು. "ಲುಪೆ! ಲುಪೇ! ಎದ್ದು ಬಾರೇ, ನಿನ್ನ ಮನೆ ಮುಂದೆ ಇಫೊಂಗ ಕೂತಿದ್ದಾರೆ!" ಎದುರು ಮನೆಯ ಬಾಗಿಲೂ ತೆರೆಯಿತು. ಹಲ್ಲುಜ್ಜುತ್ತಿದ್ದ ಒಬ್ಬರು ಬ್ರಷ್ಷು ಬಾಯಲ್ಲೇ ಇಟ್ಟುಕೊಂಡು ಬೇಲಿಗೆ ಬಂದು ನಿಂತರು. ಲುಪೆ ಅಜ್ಜಿ ನೈಟಿಯಲ್ಲೇ ಓಡಿಬಂದು ಚಾಪೆಯ ಮೂಲೆ ಎತ್ತಿದರು. "ಯಾರು ಸತ್ರು? ನಿಮ್ಮವರು ನಮ್ಮವರಲ್ಲಿ ಯಾರನ್ನ ಕೊಂದ್ರು?" ನಾನು, "ಯಾರೂ ಇಲ್ಲ ಅಜ್ಜಿ, ಗಾಳಿ" ಅಂದೆ.

ಕೊಲೆಯಂಥ ತಪ್ಪಿಗೆ ಚಾಪೆ ಹೊದ್ದು ಕ್ಷಮೆ ಕೇಳೋಕೆ ಹೀಗೆ ಕೂರೋದೇ ಇಫೊಂಗ ಅಂತ ನನಗೆ ಯಾರು ಹೇಳಬೇಕಿತ್ತು? ಹನ್ನೊಂದನೇ ವಯಸ್ಸಿಗೆ ಹಾಸ್ಟೆಲಿಗೆ ಹಾಕಿದಿರಿ, ಅಲ್ಲಿ ಚಮಚ ಹಿಡಿಯೋದು ಕಲಿಸಿದರು. ಪಕ್ಕದ ಮನೆಯವರು, "ಅರ್ಧ ಪಾಲಾಂಗಿ ಅಲ್ವಾ, ಆ ಬಿಳಿ ಅರ್ಧ ಕೂತಿದೆ ಬಿಡೆ" ಅಂತ ನಗುತ್ತಾ ಒಳಗೆ ಹೋದರು. ಲುಪೆ ಅಜ್ಜಿ ನಗಲಿಲ್ಲ. ವಾಪಸ್ ಕೊಡೋಕೆ ಬಂದೆ ಅಂದ ಮೇಲೆ ಅವರ ಮುಖ ಬಿದ್ದುಹೋಯಿತು. "ಇದು ನಮ್ಮಮ್ಮ ನೇಯ್ದದ್ದು. ವಾಪಸ್ ಬಂದರೆ, ಆ ಮಕ್ಕಳು ಮನೆಗೆ ಬಂದಿದ್ದಕ್ಕೆ ನಮ್ಮ ಹತ್ರ ಕೊಡೋಕೆ ಏನೂ ಇರಲಿಲ್ಲ ಅಂತ ಆಗುತ್ತೆ. ನಿಮ್ಮಮ್ಮ ಮೂರು ವಾರ ನನ್ನ ಜೊತೆ ಜಗಳ ಆಡಿದ್ಲು, ಆಮೇಲೆ ತಗೊಂಡ್ಲು, ಆಫೀಸಿಗೂ ಹೇಳಿದ್ಲು. ಅವಳನ್ನ ಒಂದು ಮಾತು ಕೇಳಿದ್ಯಾ ನೀನು?" ಕೇಳಿರಲಿಲ್ಲ. ಅಲ್ಲೇ ನನಗೆ ಅಳು ಬಂತು. ಆಗ ಒಳಗೆ ಕರೆದು ಬಿಸಿ ಕೊಕೊ ಕೊಟ್ಟರು, ಆಮೇಲೆ ಕೋಟು ಹಾಕಿಕೊಂಡು, "ನಡಿ, ಇದನ್ನ ಇವತ್ತೇ ಮುಗಿಸೋಣ" ಅಂತ ನನ್ನನ್ನ ನಿನ್ನ ಆಫೀಸಿಗೆ ಎಳೆದುಕೊಂಡು ಹೋದರು.

ನಿನ್ನ ಮೇಲ್ವಿಚಾರಕಿ ರೋಸಲಿಂಡ್ ಉಡುಗೊರೆಗಳ ದಾಖಲೆ ಪುಸ್ತಕ ತೆಗೆದು ಮಾರ್ಚ್ ನಾಲ್ಕರ ಪುಟ ತೋರಿಸಿದರು. ನಿನ್ನದೇ ಅಕ್ಷರ: 'ಲುಪೆ ಮನೆಯವರು ಚಾಪೆ ಕೊಟ್ಟರು. ಬೇಡ ಅಂದರೆ ಆ ಮನೆಯ ಮರ್ಯಾದೆ ಹೋಗುತ್ತೆ, ಇಟ್ಟುಕೊಂಡರೆ ನನ್ನದು.' ಕೆಳಗೆ ನಿಮ್ಮಿಬ್ಬರ ತೀರ್ಮಾನ: ಅದು ಆಫೀಸಿನದು, ನಾವು ನೋಡಿಕೊಳ್ಳೋ ಮನೆಗಳಲ್ಲಿ ಮುಂದೆ ಯಾರದಾದರೂ ಸಾವಾದಾಗ ಅಲ್ಲಿಗೆ ಹೋಗಬೇಕು. ಊರಿನಲ್ಲಿ ನಮ್ಮಜ್ಜಿಗೆ ಹುಷಾರಿಲ್ಲ ಅಂತ ನೀನು ಮರುದಿನವೇ ಹೊರಟೆ, ಚಾಪೆ ಹಾಸಿಗೆ ಕೆಳಗೇ ಉಳಿಯಿತು. ರೋಸಲಿಂಡ್ ಬೈಯಲಿಲ್ಲ. "ನಿಮ್ಮಮ್ಮ ಮುಚ್ಚಿಡದೇ ಇದ್ದದ್ದನ್ನ ನೀನು ಮುಚ್ಚಿಡೋಕೆ ಎಷ್ಟು ಕಷ್ಟಪಟ್ಟೆಯಮ್ಮ" ಅಂದರು, ಅಷ್ಟೇ. ಅದು ಬೈಗುಳಕ್ಕಿಂತ ಚುಚ್ಚಿತು. 'ಇಲ್ಲ' ಹೊಡೆದುಹಾಕಿ 'ಹೌದು' ಬರೆದೆ, ಆ ಪುಟದ ನಕಲು ಲಗತ್ತಿಸಿದೆ. ಚಾಪೆ ಈಗ ಆಫೀಸಿನ ಬೀರುವಿನಲ್ಲಿದೆ. ಒಂದು ಮೂಲೆಯಲ್ಲಿ ಗೇಣುದ್ದ ಎಳೆ ಬಿಟ್ಟಿದೆ, ಬರೋ ಗುರುವಾರ ಲುಪೆ ಅಜ್ಜಿ ಬಂದು ಸರಿಮಾಡುತ್ತಾರೆ. ನಾನೂ ಪಕ್ಕದಲ್ಲಿ ಕೂತು ಕಲಿಯಬೇಕಂತೆ, "ಈ ಸಲ ಚಾಪೆಯ ಮೇಲೆ ಕೂರು, ಕೆಳಗಲ್ಲ" ಅಂದರು.

ಓದು ಬಿಟ್ಟುಬಿಡ್ತೀನಿ ಅಂತ ಹೋದ ತಿಂಗಳು ಬರೆದಿದ್ದೆನಲ್ಲ, ಅದನ್ನ ಮರೆತುಬಿಡು. ಅಜ್ಜಿಯ ಕೈಗೆ ನನ್ನ ಮುತ್ತು, ನಿನಗೆ ಎರಡು. ಅಪ್ಪ ನಿನ್ನ ಅಡುಗೆಯನ್ನ ಕೇಳಿದ್ದಾನೆ, ಆಮೇಲೆ ನಿನ್ನನ್ನೂ.

ನಿನ್ನ,
ಸೆಫಿನಾ

ಮರೆತಿದ್ದೆ (ಮಾಮ ಹೊರಗೆ ಹಾರ್ನ್ ಹೊಡೀತಿದ್ದಾನೆ): ಅರ್ಜಿಯ ಕೊನೇ ಹಾಳೆ ಇದೇ ಲಕೋಟೆಯಲ್ಲಿದೆ. 'ಮೇಲಿನದೆಲ್ಲ ಸತ್ಯ' ಅನ್ನೋದರ ಕೆಳಗೆ ಸಹಿ ಹಾಕಿ, ಇಪ್ಪತ್ತಾರಕ್ಕೆ ಮಾಮ ವಾಪಸ್ ಬರುವಾಗ ಕಳಿಸು, ತಪ್ಪಿಸಬೇಡ. ಹಾಸ್ಟೆಲಿನ ರಜೆ ಚೀಟಿಗಳಿಗೆಲ್ಲ ನಿನ್ನ ಸಹಿ ನಾನೇ ಹಾಕುತ್ತಿದ್ದೆ, ಐದು ವರ್ಷ, ಯಾರಿಗೂ ಗೊತ್ತಾಗಲಿಲ್ಲ. ಈ ಹಾಳೆಗೂ ಹಾಕಿ ಮುಗಿಸಿಬಿಡೋಣ ಅಂತ ನಿನ್ನೆ ಪೆನ್ನು ಹಿಡಿದು ಕೂತಿದ್ದೆ. ಕೈ ಬರಲಿಲ್ಲ. ನೀನೇ ಹಾಕು.